ಐದು ವೋಲ್ಟ್ ಎಲ್ಲಿ ಹೋಯಿತು

ಟೋ ಟ್ರಕ್ಕಿನ ಬೆನ್ನಿನಿಂದ ಆ ನೀಲಿ ಮಿನಿವ್ಯಾನು ಇಳಿಯುವುದನ್ನು ನೋಡಿದಾಗಲೇ ನನಗೆ ಬೇಸರವಾಗಿತ್ತು. ಹೇವರ್ಡಿನ ನಮ್ಮ ಗ್ಯಾರೇಜಿನಲ್ಲಿ ಎಂಜಿನ್ನು, ಬ್ರೇಕು, ಗೇರು ನೋಡುವವರು ಬೇರೆ. ವಯರಿಂಗಿನ ಕೆಲಸ ಮಾತ್ರ ನನ್ನದು. ‘ಒಮ್ಮೊಮ್ಮೆ ನಿಲ್ಲುತ್ತದೆ, ಒಮ್ಮೊಮ್ಮೆ ಸರಿಯಾಗಿರುತ್ತದೆ’ ಎನ್ನುವ ಗಾಡಿಗಳೆಲ್ಲ ನನ್ನ ತಲೆಗೇ ಬಂದು ಬೀಳುತ್ತವೆ. ಪೂರ್ತಿ ಕೆಟ್ಟು ನಿಂತ ಗಾಡಿಯ ಮೇಲೆ ನನಗೆ ಸಿಟ್ಟಿಲ್ಲ. ಹೀಗೆ ಕಣ್ಣಾಮುಚ್ಚಾಲೆ ಆಡುವ ಗಾಡಿ ಕಂಡರೆ ಮೈ ಉರಿಯುತ್ತದೆ.

ಟ್ರಕ್ಕಿನ ಮುಂದಿನ ಸೀಟಿನಿಂದ ಒಬ್ಬ ಹೆಂಗಸು ಇಳಿದರು. ವಯಸ್ಸು ಐವತ್ತರ ಮೇಲೆ, ಧಾರವಾಡ ಕಡೆಯ ಮಾತು, ಮನೆ ಎವರ್‌ಗ್ರೀನ್ ಬಡಾವಣೆಯಲ್ಲಿ. ಕನ್ನಡದವನೊಬ್ಬ ಮೆಕ್ಯಾನಿಕ್ ಇದ್ದಾನೆಂದು ಯಾರೋ ಹೇಳಿದ್ದರಂತೆ. ಹತ್ತಿರದ ಗ್ಯಾರೇಜುಗಳನ್ನೆಲ್ಲ ಬಿಟ್ಟು ಇಷ್ಟು ದೂರ ಎಳೆಸಿಕೊಂಡು ಬಂದಿದ್ದರು.

“ತಮ್ಮಾ, ಫ್ರೀವೇ ಮ್ಯಾಲೆ ಒಮ್ಮಿಂದೊಮ್ಮೆಲೆ ಶಕ್ತಿನೇ ಹೋತು. ಆಮೇಲೆ ಗಾಡಿ ಬಂದ್ ಆತು. ಇವರು ಅಲ್ಲೆ ಡಯಾಲಿಸಿಸ್ ಮುಗಿಸಿ ಕೂತಾರ, ನಾ ಇಲ್ಲೆ ಇದ್ದೀನಿ.”

ಇವರು ಎಂದರೆ ಗಂಡ. ಚಿಪ್ ಡಿಸೈನ್ ಮಾಡುತ್ತಿದ್ದ ಎಂಜಿನಿಯರು. ಮೂತ್ರಪಿಂಡಗಳು ಕೈಕೊಟ್ಟ ಮೇಲೆ ಕೆಲಸ ಬಿಟ್ಟು ಗಾಲಿಕುರ್ಚಿ ಹಿಡಿದಿದ್ದರು. ವಾರಕ್ಕೆ ಮೂರು ಬೆಳಿಗ್ಗೆ ಡಯಾಲಿಸಿಸ್. ಅವರಿಗೆ ಜಾಗ ಸಿಕ್ಕಿದ್ದು ಫ್ರೀಮಾಂಟಿನಲ್ಲಿ, ಅಂದರೆ ಹೋಗಿಬರಲು 680 ಫ್ರೀವೇ ಬೇಕೇ ಬೇಕು. ಗಾಲಿಕುರ್ಚಿ ಹತ್ತಿಸುವ ರ್‍ಯಾಂಪ್ ಇದ್ದದ್ದು ಈ ವ್ಯಾನಿಗೆ ಮಾತ್ರ. ರೋಗಿಗಳನ್ನು ಕರೆದೊಯ್ಯುವ ಕೌಂಟಿಯ ಸರಕಾರಿ ವ್ಯಾನನ್ನು ಮೊದಲೇ ಬುಕ್ ಮಾಡಿದರೂ ಅದು ಬಂದಾಗ ಬಂತು. ಮಗಳು ದೂರದ ಊರಿನ ಕಾಲೇಜಿನಲ್ಲಿದ್ದಳು. ಈ ಹೆಂಗಸಾದರೋ, ಗಂಡ ಕಾಯಿಲೆ ಬೀಳುವ ತನಕ ಗ್ರೋಸರಿ ಅಂಗಡಿಗಿಂತ ಆಚೆ ಸ್ಟಿಯರಿಂಗ್ ತಿರುಗಿಸಿದವರಲ್ಲ.

“ನೋಡುವ ಅಕ್ಕ, ಹೆದರಬೇಡಿ,” ಎಂದೆ. ಹೆದರಬೇಡಿ ಎನ್ನುವುದು ನನ್ನ ಬಾಯಿಗೆ ಅಂಟಿದ ಮಾತು, ಅದಕ್ಕೆ ಅರ್ಥವೇನೂ ಇಲ್ಲ.

ಒಳಗೆ ಕೂತು ಸ್ಕ್ಯಾನರ್ ಜೋಡಿಸಿದೆ. ಡ್ಯಾಶ್‌ಬೋರ್ಡಿನ ಮೇಲೆ ಹೆಬ್ಬೆರಳಿಗಿಂತ ತುಸು ದೊಡ್ಡದಾದ ಹಿತ್ತಾಳೆಯ ಹನುಮಪ್ಪ ನಿಂತಿದ್ದ. ಅವನ ಮುಂದೆ ಹಣತೆಯ ಆಕಾರದ ಪುಟ್ಟ ಎಲ್‌ಇಡಿ ದೀಪ, ಅದರ ತಂತಿ ಅಚ್ಚುಕಟ್ಟಾಗಿ ಡ್ಯಾಶಿನ ಸಂದಿಯೊಳಗೆ ಇಳಿದಿತ್ತು. ನಮ್ಮವರ ಗಾಡಿಗಳಲ್ಲಿ ದೇವರಿಲ್ಲದ ಡ್ಯಾಶನ್ನು ನಾನು ನೋಡಿಯೇ ಇಲ್ಲ. ದೀಪಕ್ಕೆ ಕರೆಂಟನ್ನು ಎಲ್ಲರೂ ಲೈಟರ್ ಸಾಕೆಟಿನಿಂದಲೇ ಎಳೆಯುತ್ತಾರೆ. ನನ್ನ ಕೈತುಂಬ ಗ್ರೀಸು. ಪ್ಯಾಕೆಟ್ ಒಡೆದು ಹೊಸ ಟವೆಲೊಂದನ್ನು ತೆಗೆದು ಹನುಮಪ್ಪನಿಗೆ ಹೊದಿಸಿ, ಮನಸ್ಸಿನಲ್ಲೇ ಕೈಮುಗಿದು, ಆಮೇಲೆ ಸ್ಟಿಯರಿಂಗಿನ ಕೆಳಗೆ ತಲೆ ತೂರಿಸಿದೆ.

ಸ್ಕ್ಯಾನರು ಒಂದಕ್ಕೊಂದು ಸಂಬಂಧವಿಲ್ಲದ ಸೆನ್ಸರುಗಳ ಮೇಲೆ ದೂರು ಹೇಳುತ್ತಿತ್ತು. ಆಕ್ಸಿಲರೇಟರ್ ಪೆಡಲಿನದು, ಎಂಜಿನ್ನಿಗೆ ಹೋಗುವ ಗಾಳಿಯ ಒತ್ತಡದ್ದು, ಎ.ಸಿ.ಯದು. ಇಷ್ಟೂ ಒಟ್ಟಿಗೆ ಕೆಡುವುದು ಸಾಧ್ಯವಿಲ್ಲ. ಇವಕ್ಕೆಲ್ಲ ಸಮಾನವಾದದ್ದು ಒಂದೇ. ಎಂಜಿನ್ನನ್ನು ಆಳುವ ಕಂಪ್ಯೂಟರ್ ಪೆಟ್ಟಿಗೆ ಇದೆಯಲ್ಲ, ನಾವು ಮಾಡ್ಯೂಲ್ ಎನ್ನುವುದು, ಅದು ಈ ಸೆನ್ಸರುಗಳಿಗೆ ಒಂದೇ ತಂತಿಯಲ್ಲಿ ಐದು ವೋಲ್ಟ್ ಕಳಿಸುತ್ತದೆ. ಪೆಡಲ್ ಎಷ್ಟು ಒತ್ತಿದೆ, ಗಾಳಿ ಎಷ್ಟು ಬಂತು ಎಂದು ಅವು ವರದಿ ಕೊಡುವುದು ಆ ಐದು ವೋಲ್ಟಿನ ಆಧಾರದ ಮೇಲೆ. ಆ ಐದು ಇಲ್ಲವಾದರೆ ಮಾಡ್ಯೂಲಿಗೆ ಕಣ್ಣು ಕಟ್ಟಿದಂತೆ. ಎಂಜಿನ್ನಿನ ಶಕ್ತಿ ತಗ್ಗಿಸುತ್ತದೆ, ಆಮೇಲೆ ನಿಲ್ಲಿಸಿಯೇ ಬಿಡುತ್ತದೆ.

ಮೀಟರ್ ಇಟ್ಟು ನೋಡಿದರೆ ಐದಿರಬೇಕಾದಲ್ಲಿ ಅರ್ಧ ವೋಲ್ಟೂ ಇರಲಿಲ್ಲ. ಸೆನ್ಸರುಗಳನ್ನು ಒಂದೊಂದಾಗಿ ಕಳಚಿದೆ, ಏರಲಿಲ್ಲ. ಮಾಡ್ಯೂಲಿನ ಕನೆಕ್ಟರ್ ಬಿಚ್ಚಿ, ಆ ತಂತಿ ಎಲ್ಲಾದರೂ ಗಾಡಿಯ ಲೋಹದ ಮೈಗೆ ತಗುಲುತ್ತಿದೆಯೇ ಎಂದು ಅಳೆದೆ. ತಗುಲುತ್ತಿರಲಿಲ್ಲ. ಮಾಡ್ಯೂಲಿಗೆ ಬರುವ ಬ್ಯಾಟರಿಯ ಕರೆಂಟು, ಅರ್ಥಿಂಗ್ ಎರಡಕ್ಕೂ ಹೆಡ್‌ಲೈಟ್ ಬಲ್ಬಿನ ಭಾರ ಕೊಟ್ಟು ನೋಡಿದೆ, ಎರಡೂ ಗಟ್ಟಿ. ಕೊನೆಗೆ ಐದು ವೋಲ್ಟಿನ ಪಿನ್ನನ್ನು ಕನೆಕ್ಟರಿನಿಂದ ಹೊರಗೆಳೆದು, ಮಾಡ್ಯೂಲಿನ ಬಾಯಲ್ಲೇ ಅಳೆದೆ. ಅಲ್ಲೂ ಇಲ್ಲ. ಪೆಟ್ಟಿಗೆಯೇ ಸತ್ತಿದೆ. ಇದಕ್ಕಿಂತ ಶುದ್ಧವಾದ ಪರೀಕ್ಷೆ ನಮ್ಮ ಕಸುಬಿನಲ್ಲಿ ಇಲ್ಲ. ಅವತ್ತು ನನಗೆ ನನ್ನ ಬಗ್ಗೆ ಸಾಕಷ್ಟು ಹೆಮ್ಮೆಯೂ ಆಗಿತ್ತು.

ರಿಪೇರಿಯಾಗಿ ಬಂದ ಇನ್ನೊಂದು ಮಾಡ್ಯೂಲ್ ತರಿಸಿದೆವು. ಹೊಸ ಮಾಡ್ಯೂಲ್ ಹಾಕುವುದೆಂದರೆ ನಾಲ್ಕು ಬೋಲ್ಟಿನ ಕೆಲಸವಲ್ಲ. ಗಾಡಿಯ ನಂಬರು, ಸಾಫ್ಟ್‌ವೇರು ಎಲ್ಲ ಅದಕ್ಕೆ ತುಂಬಬೇಕು. ತುಂಬುವಾಗ ಬ್ಯಾಟರಿ ಸ್ವಲ್ಪ ಇಳಿದರೂ ಪೆಟ್ಟಿಗೆ ಮಣ್ಣುಪಾಲು, ಅದಕ್ಕೆ ಚಾರ್ಜರ್ ಕಟ್ಟಿಯೇ ಕೂರಬೇಕು. ಅಷ್ಟು ಮಾಡಿದರೂ ಕಳ್ಳತನ ತಡೆಯುವ ಲಾಕು ಹೊಸ ಮಾಡ್ಯೂಲನ್ನು ಒಪ್ಪಲಿಲ್ಲ. ಕೀ ತಿರುಗಿಸಿದರೆ ಎಂಜಿನ್ನು ಒಂದು ಕ್ಷಣ ಕೆಮ್ಮಿ ಸುಮ್ಮನಾಗುತ್ತಿತ್ತು. ಕೀ ಆನ್ ಮಾಡು, ಕಾಯಿ, ಆಫ್ ಮಾಡು, ಮತ್ತೆ ಕಾಯಿ. ಮಧ್ಯೆ ಯಾರೋ ಬಾಗಿಲು ತೆರೆದದ್ದಕ್ಕೆ ಲೆಕ್ಕ ತಪ್ಪಿ ಮೊದಲಿಂದ ಶುರು. ನಾನು ತುಳುವಿನಲ್ಲಿ ಬಯ್ದದ್ದು ಪುಣ್ಯಕ್ಕೆ ಅಲ್ಲಿ ಯಾರಿಗೂ ತಿಳಿಯಲಿಲ್ಲ. ಕೊನೆಗೆ ಲಾಕು ಒಪ್ಪಿತು, ಎಂಜಿನ್ನು ಹತ್ತಿತು, ಐದು ವೋಲ್ಟು ಐದಾಗಿಯೇ ನಿಂತಿತು. 880 ಫ್ರೀವೇಯಲ್ಲಿ ಆಚೆ ಈಚೆ ಓಡಿಸಿ, ಹನುಮಪ್ಪನ ಟವೆಲ್ ತೆಗೆದು, ಗಾಡಿಯನ್ನು ಒಪ್ಪಿಸಿದೆ.

ಮುಂದಿನ ವಾರ ಬೆಳಗಿನ ಹೊತ್ತು ಫೋನು ಬಂತು. ಮೊದಲು ಕೇಳಿದ್ದು ಲಾರಿಗಳ ಸದ್ದು. ಆಮೇಲೆ ಅವರ ಅಳು.

“ಮತ್ತ ನಿಂತದ ತಮ್ಮಾ. ನೀ ಸರಿ ಆಗ್ಯದ ಅಂದಿದ್ದಿ. ಇವರು ಹಿಂದ ಇದ್ದಾರ. ಉಸಿರಾಡ್ಲಿಕ್ಕೆ ತ್ರಾಸ ಆಗ್ಲಿಕತ್ತದ. ಲಾರಿ ಹೋದ್ರ ವ್ಯಾನು ಅಳ್ಳಾಡ್ತದ. ನಾ ಏನ್ ಮಾಡ್ಲಿ?”

ತುರ್ತು ಸಹಾಯದ ಒಂಬತ್ತು ಒಂದು ಒಂದಕ್ಕೆ ಫೋನ್ ಮಾಡಿ, ಅಪಾಯದ ಲೈಟು ಹಾಕಿ, ಗಾಡಿಯಿಂದ ಇಳಿಯಬೇಡಿ ಎಂದೆ. ಕಾರಿನ ಕೆಳಗೆ ಮಲಗಿ ದುಡಿಯುವವನಿಗೆ ತನ್ನ ತಪ್ಪಿನ ಫಲ ಸಾಮಾನ್ಯವಾಗಿ ಕಣ್ಣಿಗೆ ಬೀಳುವುದಿಲ್ಲ. ಗಾಡಿ ವಾಪಸು ಬರುತ್ತದೆ, ಅಷ್ಟೆ. ಈ ಸಲ ಒಬ್ಬ ಮನುಷ್ಯ ಆಂಬುಲೆನ್ಸ್ ಹತ್ತಿದ. ಡಯಾಲಿಸಿಸ್ ತಪ್ಪಿ, ಶ್ವಾಸಕೋಶದಲ್ಲಿ ನೀರು ತುಂಬಿ, ಎರಡು ರಾತ್ರಿ ಆಸ್ಪತ್ರೆಯಲ್ಲಿದ್ದರು.

ವ್ಯಾನು ಮತ್ತೆ ನನ್ನ ಬಳಿಗೆ ಬಂತು. ಕೀ ತಿರುಗಿಸಿದರೆ ಏನೂ ಆಗೇ ಇಲ್ಲವೆಂಬಂತೆ ಹತ್ತಿತು. ಐದು ವೋಲ್ಟು ಸರಿಯಾಗಿ ಐದು. ಮೆಮೊರಿಯಲ್ಲಿ ಮಾತ್ರ ಅವೇ ಹಳೆಯ ದೂರುಗಳು. ಅಂದರೆ ತಂತಿಯಲ್ಲಿ ಎಲ್ಲೋ ಏನೋ ಐದು ವೋಲ್ಟನ್ನು ನುಂಗುತ್ತಿದೆ. ಹಳೆಯ ಪೆಟ್ಟಿಗೆಯನ್ನು ಕೊಂದದ್ದೂ ಅದೇ. ನಾನು ಹೆಣ ಬದಲಿಸಿ, ಕೊಲೆಗಾರನನ್ನು ಗಾಡಿಯೊಳಗೇ ಬಿಟ್ಟು ಕಳಿಸಿದ್ದೆ.

ಹುಡುಕಿದೆ. ಬೇ ಏರಿಯಾದ ಇಲಿಗಳು ವಯರು ಕಡಿಯುವುದರಲ್ಲಿ ಹೆಸರುವಾಸಿ, ಹಾಗಾಗಿ ಎಂಜಿನ್ನಿನ ಮೇಲಿನ ವಯರಿನ ಕಟ್ಟನ್ನೆಲ್ಲ ಟೇಪು ಬಿಚ್ಚಿ ಬೆರಳಿನಿಂದ ಸವರಿದೆ. ಒಂದು ಗೀರೂ ಇಲ್ಲ. ಡ್ರೈಯರಿನಿಂದ ಬಿಸಿ ಮಾಡಿದೆ, ನೀರು ಚಿಮುಕಿಸಿದೆ, ಕನೆಕ್ಟರುಗಳನ್ನು ಹಿಡಿದು ಅಲ್ಲಾಡಿಸಿದೆ. ಪೆಡಲಿನ ಹತ್ತಿರದ್ದನ್ನೂ ತಲೆಕೆಳಗಾಗಿ ಮಲಗಿ ನೋಡಿದೆ, ಕಾಣುವಷ್ಟನ್ನು. ಮೇಲೆ ಹನುಮಪ್ಪ ಟವೆಲ್ ಹೊದ್ದು ನಿಂತಿದ್ದ. ಗಾಡಿ ಎತ್ತುವ ಪಕ್ಕದ ಲಿಫ್ಟಿನಲ್ಲಿ ದುಡಿಯುವ ಮೆಕ್ಸಿಕನ್ ಗೆಳೆಯನಾಗಿದ್ದರೆ ಮೊದಲ ದಿನವೇ ಅವನನ್ನು ಎತ್ತಿ ಸೀಟಿನ ಮೇಲಿಟ್ಟು ಡ್ಯಾಶ್ ಬಿಚ್ಚುತ್ತಿದ್ದ. ದೇವರನ್ನು ಆ ಗ್ರೀಸಿನ ಕೈಯಿಂದ ಕದಲಿಸಲು ನನಗೆ ಮನಸ್ಸು ಬರಲಿಲ್ಲ. ಕದಲಿಸಬೇಕಾದೀತೆಂದು ತೋಚಲೂ ಇಲ್ಲ.

ಗಾಡಿಯನ್ನು ಮನೆಗೆ ಒಯ್ದೆ, ಗಾಡಿಯಲ್ಲೇ ಕೆಲಸಕ್ಕೆ ಬಂದೆ. 92 ಹೆದ್ದಾರಿಯ ಸೇತುವೆ ದಾಟಿದೆ, ಗುಡ್ಡ ಹತ್ತಿಸಿದೆ. ಒಂದು ಸಲವೂ ಕೆಮ್ಮಲಿಲ್ಲ. ಅದು ನಿಲ್ಲಲಿ ಎಂದು ನಾನು ಆ ಹನುಮಪ್ಪನಿಗೇ ಹರಕೆ ಹೊತ್ತದ್ದೂ ನಿಜ.

ಗ್ಯಾರೇಜಿನ ಮಾಲೀಕನಿಗೆ ತಾಳ್ಮೆ ಮುಗಿದಿತ್ತು. “ಆ ಮಾಡ್ಯೂಲಿಗೆ ವಾರಂಟಿ ಇದೆ. ಇನ್ನೊಂದು ಹಾಕು, ಕಳಿಸು. ಲಿಫ್ಟು ಖಾಲಿ ಮಾಡು,” ಎಂದ. ಅವನದು ತಪ್ಪಲ್ಲ. ನನಗೂ ಆಸೆಯಾಯಿತು. ಹೊಸದೊಂದು ಪೆಟ್ಟಿಗೆ ಹಾಕಿ, ಮತ್ತೆ ‘ಹೆದರಬೇಡಿ’ ಎಂದು ಹೇಳಿ, ಈ ಗಾಡಿಯ ಮುಖವನ್ನೇ ನೋಡದೆ ಇರಬಹುದಿತ್ತು.

ಒಂದು ಮಂಗಳವಾರ ಬೆಳಿಗ್ಗೆ ಅಕ್ಕನೇ ಫೋನ್ ಮಾಡಿದರು. ಈ ಸಲ ಅಳುತ್ತಿರಲಿಲ್ಲ. ಅದೇ ಹೆಚ್ಚು ಹೆದರಿಕೆ ಹುಟ್ಟಿಸಿತು.

“ಇನ್ನ ಗಾಡಿ ಅವಸರ ಇಲ್ಲ ತಮ್ಮಾ. ಇವರು ಒಲ್ಲೆ ಅಂದುಬಿಟ್ಟಾರ. ನಿನ್ನೆ ಕೌಂಟಿ ವ್ಯಾನು ಬಾಗಿಲಿಗೆ ಬಂದಿತ್ತು, ಹತ್ತಲಿಲ್ಲ. ನಾಳೆನೂ ಹೋಗೂದಿಲ್ಲಂತ. ‘ನನ್ನ ಸಲುವಾಗಿ ನೀ ರಸ್ತೇದಾಗ ಸಾಯೂದು ಬ್ಯಾಡ, ಸಾಕು ಇದು’ ಅಂತಾರ.”

“ಡಾಕ್ಟರು ಏನು ಹೇಳಿದ್ರು ಅಕ್ಕ?”

“ಏನ್ ಹೇಳ್ತಾರ? ಎರಡು ಸಲ ಸಾಲಾಗಿ ತಪ್ಪಿದ್ರ ಜೀವಕ್ಕ ಅಪಾಯಂತ.”

ಆಗ ನಿರ್ಧಾರ ಮಾಡಿದೆ. ಪೆಟ್ಟಿಗೆ ಬದಲಿಸುವುದಿಲ್ಲ. ಗಾಡಿ ನನ್ನ ಕೈಯಲ್ಲಿ ನಿಲ್ಲುವುದಿಲ್ಲ, ಇವರ ಕೈಯಲ್ಲಿ ನಿಲ್ಲುತ್ತದೆ. ಹಾಗಾದರೆ ಇವರೇ ಓಡಿಸಬೇಕು, ಇವರ ದಾರಿಯಲ್ಲೇ, ನಾನು ಪಕ್ಕದಲ್ಲಿ ಕೂತು ನೋಡಬೇಕು. ಮಾಲೀಕನಿಗೆ ರಜೆ ಎಂದು ಹೇಳಿ ವ್ಯಾನನ್ನು ಎವರ್‌ಗ್ರೀನಿಗೆ ಓಡಿಸಿದೆ. ದಾರಿಯಲ್ಲಿ ಅದು ಬೆಣ್ಣೆಯ ಹಾಗೆ ಓಡಿತು.

ಅವರು ಸುತರಾಂ ಒಪ್ಪಲಿಲ್ಲ. ಬಾಗಿಲಲ್ಲೇ ನಿಂತು, “ನನ್ನ ಕಡಿಂದ ಆಗೂದಿಲ್ಲ, ಇನ್ನ ಆ ಕೀ ಮುಟ್ಟೂದಿಲ್ಲ ನಾ,” ಎಂದರು. ಒಳಗೆ ಕಿಟಕಿಯ ಪಕ್ಕ ಗಾಲಿಕುರ್ಚಿಯಲ್ಲಿ ಕೂತ ಅವರ ಯಜಮಾನರು ನನ್ನತ್ತ ತಿರುಗಿಯೂ ನೋಡಲಿಲ್ಲ. ಡಯಾಲಿಸಿಸ್ ತಪ್ಪಿ ಮುಖ ನೀರು ತುಂಬಿ ಊದಿತ್ತು.

“ಅಕ್ಕ, ನಿಂತರೆ ನಾನಿದ್ದೇನೆ. ನಿಲ್ಲಲಿ ಅಂತಲೇ ಬಂದಿದ್ದೇನೆ. ನಾನು ಒಬ್ಬನೇ ಓಡಿಸಿದರೆ ಇದು ಜನ್ಮದಲ್ಲಿ ನಿಲ್ಲುವುದಿಲ್ಲ ಮಾರಾಯ್ರೆ. ಒಂದೇ ಒಂದು ಸಲ,” ಎಂದು ಬೇಡಿಕೊಂಡೆ. ಗಿರಾಕಿಯ ಮುಂದೆ ಹಾಗೆ ನಾನು ಯಾವತ್ತೂ ಬೇಡಿದವನಲ್ಲ. ಅವರು ಗಂಡನ ಕಡೆ ಒಮ್ಮೆ ನೋಡಿ ಚಪ್ಪಲಿ ಮೆಟ್ಟಿಕೊಂಡರು.

ನಾನು ಪಕ್ಕದ ಸೀಟಿನಲ್ಲಿ ಕೂತು ತೊಡೆಯ ಮೇಲೆ ಸ್ಕ್ಯಾನರ್ ಇಟ್ಟುಕೊಂಡೆ. ಪರದೆಯ ಮೇಲೆ ಐದು ವೋಲ್ಟು ಒಂದು ನೇರ ಗೆರೆಯಾಗಿ ಓಡುತ್ತಿತ್ತು. ಅವರು ಸೀಟು ಸರಿಮಾಡಿಕೊಂಡರು. ಕನ್ನಡಿ ನೋಡಿದರು. ದುಪಟ್ಟಾದ ಅಂಚಿನಿಂದ ಹನುಮಪ್ಪನನ್ನು ಒರೆಸಿ, ಕಣ್ಣುಮುಚ್ಚಿ ಕೈಮುಗಿದು, ಸ್ಟಿಯರಿಂಗಿನ ಕೆಳಗೆ ಎಡಗೈ ಚಾಚಿ ಒಂದು ಗುಂಡಿ ಒತ್ತಿದರು. ಹಣತೆ ಹತ್ತಿತು.

ಕ್ಯಾಪಿಟಲ್ ಎಕ್ಸ್‌ಪ್ರೆಸ್‌ವೇ ದಾಟಿ 680 ಹತ್ತುವ ತನಕ ಏನೂ ಆಗಲಿಲ್ಲ. ಅವರು ಬಾಯಲ್ಲಿ ಏನೋ ಪಠಿಸುತ್ತಿದ್ದರು. ರಸ್ತೆಯ ಕಾಂಕ್ರೀಟ್ ಚಪ್ಪಡಿಗಳ ಸಂದುಗಳ ಮೇಲೆ ಗಾಡಿ ಧಡಧಡ ಎನ್ನತೊಡಗಿತು. ಗೆರೆ ಒಮ್ಮೆ ಕುಸಿದು ಎದ್ದಿತು. ಇನ್ನೊಂದು ಸಂದು, ಇನ್ನೊಮ್ಮೆ ಕುಸಿತ. ಎಲ್ಲಿಂದ? ನಾನು ತಲೆಯೆತ್ತಿ ಎದುರಿಗೆ ನೋಡಿದೆ. ಮೂರನೆಯ ಸಲ ಕುಸಿದಾಗ ಹನುಮಪ್ಪನ ಮುಂದಿನ ದೀಪ ಆರಿ ಹತ್ತಿತು.

“ಅಯ್ಯ, ಹೋತು! ಹೋತು ತಮ್ಮಾ!” ಎಂದು ಅವರು ಕೂಗಿದರು. ಪೆಡಲ್ ಒತ್ತಿದರೂ ಗಾಡಿ ಕೇಳುತ್ತಿರಲಿಲ್ಲ.

“ಬಲಕ್ಕೆ ತೆಗೆದುಕೊಳ್ಳಿ ಅಕ್ಕ, ನಿಧಾನ, ಹಾಗೆಯೇ. ನಿಲ್ಲಿಸಿ. ಈಗ ದೀಪ ಆರಿಸಿ.”

“ದೀಪ?”

“ಆ ದೀಪ ಆರಿಸಿ.”

ಆರಿಸಿದರು. ಗೆರೆ ಮೇಲೆದ್ದು ಐದರಲ್ಲಿ ನಿಂತಿತು. ಕೀ ತಿರುಗಿಸಿದರೆ ಎಂಜಿನ್ನು ಹತ್ತಿತು. ನನಗೆ ನಗು ಬಂತೋ ಅಳು ಬಂತೋ ತಿಳಿಯದೆ ಎರಡೂ ಕೈಯಿಂದ ಮುಖ ಮುಚ್ಚಿಕೊಂಡೆ. ಗ್ಯಾರೇಜಿನಲ್ಲಿ ನಾನು ಅಷ್ಟೆಲ್ಲ ಪರೀಕ್ಷೆ ಮಾಡಿದ್ದೆ. ಆ ದೀಪ ಹಚ್ಚಿ ಮಾತ್ರ ನೋಡಿರಲಿಲ್ಲ. ದೇವರಿಗೆ ಟವೆಲ್ ಹೊದಿಸಿದ್ದೆನಲ್ಲ.

ದೀಪ ಹಚ್ಚದೆ ಮನೆಗೆ ವಾಪಸು ಬಂದೆವು. ಡ್ರೈವ್‌ವೇನಲ್ಲಿ ಕೈತೊಳೆದುಕೊಂಡು, ಹನುಮಪ್ಪನನ್ನು ಅವರ ಕೈಗೆ ಕೊಟ್ಟು, ಡ್ಯಾಶಿನ ಮುಚ್ಚಳ ಬಿಚ್ಚಿದೆ. ದೀಪದ ತಂತಿ ಲೈಟರ್ ಸಾಕೆಟಿಗೆ ಹೋಗಿರಲಿಲ್ಲ. ಪೆಡಲಿನ ವಯರಿನ ಕಟ್ಟಿಗೆ, ಸರಿಯಾಗಿ ಆ ಐದು ವೋಲ್ಟಿನ ತಂತಿಗೆ ಬೆಸೆದಿತ್ತು. ಎಷ್ಟು ನಾಜೂಕಾದ ಬೆಸುಗೆ ಎಂದರೆ ಮೇಲೆ ಫ್ಯಾಕ್ಟರಿಯ ಟೇಪನ್ನೇ ಮತ್ತೆ ಸುತ್ತಿದ್ದರು. ನಾನು ಕೆಳಗಿನಿಂದ ನೋಡಿದರೂ ಗೊತ್ತಾಗದ ಹಾಗೆ. ಗುಂಡಿಯಿಂದ ಮೇಲಕ್ಕೆ ಹೋಗುವ ತಂತಿ ಒಂದು ಕಬ್ಬಿಣದ ಪಟ್ಟಿಯ ಅಂಚಿಗೆ ಉಜ್ಜಿ ಉಜ್ಜಿ ಒಂದು ಕಡೆ ತಾಮ್ರ ಹೊಳೆಯುತ್ತಿತ್ತು. ದೀಪ ಹಚ್ಚಿದಾಗ ಮಾತ್ರ ಅಲ್ಲಿಗೆ ಕರೆಂಟು ಬರುತ್ತದೆ, ಗಾಡಿ ಕುಲುಕಿದಾಗ ಪಟ್ಟಿಗೆ ತಾಗಿ ಐದು ವೋಲ್ಟು ಗಾಡಿಯ ಲೋಹದ ಮೈಗೆ ಹರಿದುಹೋಗುತ್ತದೆ.

“ಇದನ್ನ ಹಾಕಿದ್ದು ಯಾರು ಅಕ್ಕ?”

ಅವರು ಮನೆಯ ಕಿಟಕಿಯ ಕಡೆ ನೋಡಿದರು. “ಇವರು. ತಾವು ಗಾಡಿ ನಡಸೂದು ಬಿಟ್ಟ ದಿವಸ. ನನಗ ಫ್ರೀವೇ ಅಂದ್ರ ಜೀವ ಹೋಗ್ತಿತ್ತು. ಇಡೀ ದಿವಸ ಕೂತು ಹಾಕಿದ್ರು. ‘ಹನುಮಪ್ಪನ ದೀಪ ಹಚ್ಚು, ಆಮೇಲೆ ಗಾಡಿ ತೆಗಿ, ನಾ ಪಕ್ಕದಾಗ ಕೂತಂಗ’ ಅಂದ್ರು.” ಅವರು ಮೂರ್ತಿಯನ್ನು ದುಪಟ್ಟಾದಲ್ಲಿ ಸುತ್ತಿಕೊಂಡರು. “ಅವರಿಗೆ ಹೇಳಬ್ಯಾಡ ತಮ್ಮಾ. ತಮ್ಮ ಕೈಲೆನೇ ಆತು ಅಂತ ಅವರಿಗೆ ಗೊತ್ತಾದ್ರ ಇದ್ದಷ್ಟು ಧೈರ್ಯನೂ ಹೋಗ್ತದ.”

ತಂತಿ ಕತ್ತರಿಸಿ, ತುದಿ ಮುಚ್ಚಿ, ಒಳಗೆ ಹೋದೆ. ಹೇಳಬಾರದು ಎಂದೇ ಹೋದೆ.

ಯಜಮಾನರು ಈ ಸಲ ನನ್ನತ್ತ ತಿರುಗಿದರು. “ಏನ್ ಸಿಕ್ತು?”

“ಒಂದು ವಯರು ಉಜ್ಜಿತ್ತು ಸರ್. ಇನ್ನು ನಿಲ್ಲುವುದಿಲ್ಲ.”

“ಯಾವ ವಯರು?”

ನಾನು ಅಕ್ಕನ ಮುಖ ನೋಡಿದೆ. ಅವರು ನೆಲ ನೋಡುತ್ತಿದ್ದರು.

“ಮಾಡ್ಯೂಲು ಸತ್ತಿತ್ತು ಅಂತ ಮೊದಲನೇ ಸಲನೂ ಹೇಳಿದ್ರಿ. ಅದು ಕಾರಣ ಅಲ್ಲ, ಪರಿಣಾಮ. ನಾ ಮೂವತ್ತು ವರ್ಷ ಇದನ್ನ ಮಾಡೀನಿ. ಯಾವ ವಯರು, ಹೇಳ್ರಿ,” ಎಂದರು. ದನಿ ಕ್ಷೀಣವಾಗಿತ್ತು, ಆದರೆ ಕಣ್ಣು ನನ್ನನ್ನು ಬಿಡಲಿಲ್ಲ. ವಾರಗಟ್ಟಲೆ ಆ ಒಂದೇ ಪ್ರಶ್ನೆಯ ಹಿಂದೆ ಬಿದ್ದು ಹುಚ್ಚು ಹಿಡಿಸಿಕೊಂಡವನು ನಾನು. ಅದನ್ನೇ ಕೇಳುತ್ತಿರುವವರಿಗೆ ಸುಳ್ಳು ಹೇಳಲು ನನ್ನಿಂದ ಆಗಲಿಲ್ಲ.

“ಸೆನ್ಸರಿನ ಐದು ವೋಲ್ಟು, ಸರ್. ಪೆಡಲಿನ ಹತ್ತಿರ.”

ಅದು ಹೊಳೆಯಲು ಅವರಿಗೆ ಹೆಚ್ಚು ಹೊತ್ತೇನೂ ಬೇಕಾಗಲಿಲ್ಲ. “ದೀಪ,” ಎಂದರು.

“ನಿಮ್ಮ ಲೆಕ್ಕ ಸರಿಯೇ ಇತ್ತು. ಅಷ್ಟು ಚಿಕ್ಕ ದೀಪದ ಭಾರ ಅದು ತಡೆಯುತ್ತದೆ. ತಗಡಿನ ಅಂಚೊಂದು ಸಿಕ್ಕಿತು, ಅಷ್ಟೇ. ನಾನು ಹುಡುಕಬೇಕಿತ್ತು. ದೇವರು ಅಂತ ಮುಟ್ಟಲಿಲ್ಲ.”

“ದೇವರು ಅಂತ,” ಎಂದು ಅವರು ನನ್ನ ಮಾತನ್ನೇ ಮರಳಿ ಹೇಳಿ, ಹೆಂಡತಿಯ ಕಡೆ ತಿರುಗಿದರು. “ಅಲ್ಲೆ ರಸ್ತೇದಾಗ ನಿನ್ನ ನಿಲ್ಲಿಸಿದಾಂವ ನಾನೇ ಏನ?”

ಅಕ್ಕ ಅಳುತ್ತಿದ್ದರು. ನನಗೆ ಭೂಮಿ ಬಾಯಿಬಿಡಬಾರದೇ ಅನ್ನಿಸಿತು. ಏನಾದರೂ ಹೇಳಬೇಕಲ್ಲ ಎಂದು, “ಸಾಕೆಟಿನಿಂದ ಬೇರೆ ಲೈನ್ ಎಳೆದು, ಫ್ಯೂಸ್ ಹಾಕಿ, ಈಗಲೇ ದೀಪ ಸರಿ ಮಾಡಿಕೊಡುತ್ತೇನೆ ಸರ್,” ಎಂದೆ.

“ನೀವು ಮುಟ್ಟಬ್ಯಾಡ್ರಿ!” ಆ ಮನೆಯಲ್ಲಿ ನಾನು ಕೇಳಿದ ಮೊದಲ ಗಟ್ಟಿ ದನಿ ಅದು. “ನಾ ಹಾಕಿದ್ದು, ನಾನೇ ಸರಿ ಮಾಡ್ತೀನಿ.” ಬಲಗೈ ಎತ್ತಿ ಮುಂದೆ ಹಿಡಿದರು. ಬೆರಳುಗಳು ಒಂದೇ ಸಮನೆ ನಡುಗುತ್ತಿದ್ದವು. ಬೇರೆ ಯಾರದೋ ಕೈ ಎಂಬಂತೆ ಅದನ್ನೇ ನೋಡುತ್ತ ಕೂತರು. “ಇವತ್ತು ಆಗೂದಿಲ್ಲ. ಡಯಾಲಿಸಿಸ್ ಆದ ಮರುದಿವಸ ಕೈ ಒಂದೀಟು ನಿಲ್ತದ. ಗುರುವಾರ ಸೋಲ್ಡರಿಂಗ್ ಐರನ್ ತಗೊಂಡು ಬರ್ತೀರೇನ್ರಿ?”

“ಬರ್ತೇನೆ ಸರ್.”

ಅಕ್ಕ ಕಣ್ಣೊರೆಸಿಕೊಳ್ಳುವುದನ್ನು ನಿಲ್ಲಿಸಿ ಗಂಡನನ್ನೇ ನೋಡಿದರು. ದುಪಟ್ಟಾದೊಳಗೆ ಹನುಮಪ್ಪ ಇನ್ನೂ ಹಾಗೆಯೇ ಇದ್ದ. “ಅಂದ್ರ... ನಾಳೆ?” ಎಂದರು. “ನಾಳೆ ದೀಪ ಇಲ್ಲದ ಹೆಂಗ ನಡಸ್ಲಿ ನಾ?”

“ಒಂದು ದಿವಸ ನಡಸು,” ಎಂದರು ಅವರು. “ಹಿಂದ ನಾ ಕೂತಿರ್ತೀನಲ್ಲ.”